ನೀರಿನ ರಿಪೋರ್ಟ್ ಇಟ್ಟುಕೊಳ್ಳಿ, ಕೆಸರಿನದ್ದು ಕೊಡಿ

"ಸಾರ್, ನೀರಿನ ರಿಪೋರ್ಟ್ ಕ್ಲಿಯರ್ ಬಂದಿದೆ. ಇನ್ನೇನು ತೊಂದರೆ?"

ಕರಾವಳಿಯಲ್ಲಿ ಅಪಾಯಕಾರಿ ತ್ಯಾಜ್ಯ ಸುರಿದ ಜಾಗಗಳನ್ನು ನೋಡುವುದು ನನ್ನ ಕೆಲಸ. ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಕಾರ್ಖಾನೆಯವರು ಹೇಳಿದರೆ ಅರ್ಥವಾಗುತ್ತದೆ. ಆದರೆ ಮೀನು ಸತ್ತಿದೆ ಅಂತ ಹೋರಾಟಕ್ಕೆ ಇಳಿದವರೂ ಬಾಟಲಿಯಲ್ಲಿ ನೀರು ತುಂಬಿಸಿಯೇ ಲ್ಯಾಬಿಗೆ ಓಡುತ್ತಾರೆ. ರಿಪೋರ್ಟಿನಲ್ಲಿ ಏನೂ ಸಿಗದಿದ್ದಾಗ ಸಪ್ಪೆ ಮುಖ ಹಾಕಿಕೊಂಡು ನನ್ನ ಹತ್ತಿರ ಬರುತ್ತಾರೆ.

ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಜಾಗದ, ನೀರು ನಿಲ್ಲುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಬೆಳಿಗ್ಗೆ ನೀವು ಬಾಟಲಿ ಅದ್ದಿದ ನೀರು ಮಧ್ಯಾಹ್ನದ ಹೊತ್ತಿಗೆ ಎಲ್ಲಿರುತ್ತದೋ ದೇವರೇ ಬಲ್ಲ. ಪಾದರಸ, ಸೀಸ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರುವ ಪಿಸಿಬಿ ಅನ್ನುವ ರಾಸಾಯನಿಕ, ಹಳೆಯ ಡಿಡಿಟಿ ಇಂಥವು ನೀರಿನಲ್ಲಿ ಜಾಸ್ತಿ ಹೊತ್ತು ಇರುವುದಿಲ್ಲ. ನುಣ್ಣನೆಯ ಜೇಡಿ ಕಣಕ್ಕೆ, ಕೊಳೆತ ಎಲೆಯ ಪುಡಿಗೆ ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ಅಲ್ಲೇ ವರ್ಷಗಟ್ಟಲೆ ಕೂರುತ್ತವೆ. ಆಮ್ಲಜನಕ ಇಲ್ಲದ ಆ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾ ಪಾದರಸವನ್ನು ಜೀವಿಗಳ ಮೈಗೆ ಸುಲಭವಾಗಿ ಸೇರುವ ಮೀಥೈಲ್ ಪಾದರಸ ಮಾಡುತ್ತವೆ. ಅದು ಹುಳುವಿಗೆ, ಹುಳು ತಿಂದ ಮೀನಿಗೆ, ಆ ಮೀನನ್ನು ತಿಂದ ದೊಡ್ಡ ಮೀನಿಗೆ ಏರುತ್ತಾ ಹೋಗುತ್ತದೆ. ನಂಗ್ ಮೀನು ಕೆಸರಿಗೆ ಮೈ ಒತ್ತಿಕೊಂಡೇ ಬದುಕುತ್ತದೆ. ಮರುವಾಯಿ ಅನ್ನುವ ಚಿಪ್ಪಿನ ಜೀವಿ ಕೆಸರೊಳಗೇ ಇರುತ್ತದೆ. ಇವು ಏನು ತಿನ್ನುತ್ತಿವೆ ಅಂತ ನಿಮ್ಮ ಬಾಟಲಿ ಹೇಳುವುದಿಲ್ಲ.

ಮಿನಮಾಟ ಅಂದರೆ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದವರ ಕಾಯಿಲೆಯ ಕತೆ ಎಲ್ಲರಿಗೂ ಗೊತ್ತು, ಕೆಸರಿನ ಕತೆ ಗೊತ್ತಿಲ್ಲ. ಜಪಾನಿನ ಆ ಕಾರ್ಖಾನೆ ಪಾದರಸ ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ಕೊಲ್ಲಿಯ ತಳದ ಕೆಸರು ತೆಗೆಯುವ ಕೆಲಸ ಶುರುವಾಗಿದ್ದು 1977ರಲ್ಲಿ, ಮುಗಿದಿದ್ದು 1990ರಲ್ಲಿ. ವಿಷದ ಕೆಸರನ್ನೆಲ್ಲ ಒಂದು ಕಡೆ ಒಟ್ಟಿ ಮುಚ್ಚಿದ್ದರಿಂದ ಸುಮಾರು 58 ಹೆಕ್ಟೇರ್ ಹೊಸ ನೆಲವೇ ಆಯಿತು. ಮೀನು ಹೊರಗೆ ಹೋಗದಂತೆ ಕಟ್ಟಿದ್ದ ಬಲೆಯನ್ನು ಬಿಚ್ಚಿದ್ದು 1997ರಲ್ಲಿ. ಪೈಪ್ ಬಂದಾಗಿ ಇಪ್ಪತ್ತೊಂಬತ್ತು ವರ್ಷ! ನಮ್ಮ ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಆಸುಪಾಸಿನ ಪಾದರಸದ ಬಗ್ಗೆಯೂ ವಿಜ್ಞಾನಿಗಳು 1990ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ಹಾಗಾಗಿ ಇದು ದೂರದ ದೇಶದ ಸಮಾಚಾರ ಅಂದುಕೊಳ್ಳಬೇಡಿ.

ಸರಿ, ಕೆಸರನ್ನೇ ತರಿಸೋಣ ಅಂದರೆ ಅಲ್ಲೂ ಎಡವಟ್ಟು. ಸ್ಯಾಂಪಲ್ ತೆಗೆಯುವ ಹುಡುಗರು ಮರಳು ದಿಬ್ಬದ ಮೇಲೆ ನಿಂತು ಡಬ್ಬಿ ತುಂಬಿಸುತ್ತಾರೆ. ಬೂಟು ಹೂತುಹೋಗುವುದಿಲ್ಲ, ಅಷ್ಟೇ ಕಾರಣ. ದಪ್ಪ ಮರಳಿಗೆ ಲೋಹ ಅಂಟುವುದೇ ಕಡಿಮೆ, ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಒಮ್ಮೆ ಹೀಗೇ ನಡೆಯುತ್ತಿದ್ದಾಗ ಮರುವಾಯಿ ಹೆಕ್ಕುತ್ತಿದ್ದ ಹೆಂಗಸೊಬ್ಬರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದರು. "ಅಲ್ಲಿ ಮರಳು ಬಿಟ್ಟರೆ ಏನುಂಟು? ಕೆಸರು ಬೇಕಾದ್ರೆ ಆ ಕಾಂಡ್ಲಾ ಮೂಲೆಗೆ ಹೋಗಿ, ಮೊಣಕಾಲಿನವರೆಗೆ ಇಳಿಯುತ್ತೀರಿ" ಅಂದರು. ಕಾಂಡ್ಲಾ ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಇಳಿದೆವು. ನನಗೆ ಬೇಕಾಗಿದ್ದ ನುಣ್ಣನೆಯ ಕಪ್ಪು ಕೆಸರು ಅಲ್ಲೇ ಇತ್ತು. 63 ಮೈಕ್ರಾನ್‌ಗಿಂತ (ಸುಮಾರು ಮಿಲಿಮೀಟರಿನ ಹದಿನಾರನೇ ಒಂದು ಭಾಗ) ಸಣ್ಣ ಕಣ ನೋಡಬೇಕು ಅಂತ ನಾವು ಬರೆಯುವುದನ್ನು ಆಕೆ ಕಾಲಿನಲ್ಲೇ ತಿಳಿದುಕೊಂಡಿದ್ದರು.

ಇನ್ನು "ನಮ್ಮಿಂದ ಒಂದು ಹನಿಯೂ ಹೊರಗೆ ಹೋಗಲ್ಲ" ಅನ್ನುವವರು. ಪೈಪ್ ಇಲ್ಲದಿರಬಹುದು. ಆದರೆ ಹಿತ್ತಲಲ್ಲಿ ಬರಿನೆಲದ ಮೇಲೆ ಹಳೆಯ ಡ್ರಮ್ಮುಗಳು ತುಕ್ಕು ಹಿಡಿದು ನಿಂತಿರುತ್ತವೆ. ಕೆಳಗಿರುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಮೈಯೆಲ್ಲ ತೂತು. ಮಳೆ ನೀರು ಒಳಗೆ ಇಳಿದು, ಕಾಂಪೌಂಡ್ ಗೋಡೆಯ ಅಡಿಯಿಂದ ಹೋಗಿ, ಇಳಿತದ ಹೊತ್ತಿಗೆ ಹೊಳೆಯ ದಂಡೆಯಲ್ಲಿ ಸದ್ದಿಲ್ಲದೆ ಜಿನುಗುತ್ತದೆ. ಹಾಗಂತ ಅಲ್ಲಿ ಕೇಸರಿ ಬಣ್ಣದ ಕಲೆ ಕಂಡ ಕೂಡಲೇ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಡಿ. ನಮ್ಮ ಮುರಕಲ್ಲಿನಲ್ಲೇ ಕಬ್ಬಿಣ ಜಾಸ್ತಿ, ಅದೂ ಹಾಗೇ ಕಾಣುತ್ತದೆ. ಪರೀಕ್ಷೆ ಮಾಡದೆ ನಾನಂತೂ ಏನೂ ಹೇಳುವುದಿಲ್ಲ.

ಕೆಸರಿನಲ್ಲಿ ಲೋಹ ಸಿಕ್ಕಿತು ಅಂತ ಜೆಸಿಬಿ ತರಿಸುವುದೂ ಬೇಡ. ಕಾಂಡ್ಲಾ ಕೆಸರಿನ ಕೊಳೆತ ಮೊಟ್ಟೆ ವಾಸನೆ ಇದೆ ಅಲ್ವಾ, ಅದು ಗಂಧಕದ್ದು. ಆ ಗಂಧಕವೇ ಎಷ್ಟೋ ಲೋಹಗಳನ್ನು ಹಿಡಿದು ಕಟ್ಟಿಹಾಕಿರುತ್ತದೆ. ಸುಮ್ನೆ ಅಗೆದು ಗಾಳಿಗೆ ಒಡ್ಡಿದರೆ ಕಟ್ಟು ಬಿಚ್ಚಿ ಲೋಹ ಮತ್ತೆ ನೀರಿಗೆ ಬರಬಹುದು. ಎಷ್ಟು ಇದೆ ಅನ್ನುವುದರ ಜೊತೆಗೆ ಜೀವಿಗಳ ಮೈಗೆ ಎಷ್ಟು ಸೇರುತ್ತಿದೆ ಅಂತಲೂ ನೋಡಬೇಕು. ಅದಕ್ಕೆ ಚಿಪ್ಪಿನ ಜೀವಿಗಳೇ ಒಳ್ಳೆಯ ಸಾಕ್ಷಿ. ಅವು ಓಡಿಹೋಗುವುದಿಲ್ಲ, ನೀರು ಸೋಸುತ್ತಾ ಅಲ್ಲೇ ಇರುತ್ತವೆ. ಅಮೆರಿಕದವರು 1986ರಿಂದ ತಮ್ಮ ಕರಾವಳಿಯನ್ನು ಚಿಪ್ಪಿನ ಮಾಂಸ ಪರೀಕ್ಷಿಸಿಯೇ ಕಾಯುತ್ತಿದ್ದಾರೆ.

"ಹಾಗಾದರೆ ಮೀನು ತಿನ್ನುವುದು ಬಿಡಬೇಕಾ?" ಅಂತ ಕೇಳುತ್ತಾರೆ. ನಾನು ಬಿಟ್ಟಿಲ್ಲ. ಹೊರಗಿನ ಸಮುದ್ರದ ಬಂಗುಡೆಗೂ ಡ್ರಮ್ಮಿನ ಪಕ್ಕದ ಮರುವಾಯಿಗೂ ಒಂದೇ ನಿಯಮ ಹೇಳಲು ಬರುವುದಿಲ್ಲ.

ಅರ್ಜಿಯಲ್ಲಿ "ನೀರು ಪರೀಕ್ಷಿಸಿ" ಅಂತ ಬರೆದರೆ ನೀರನ್ನಷ್ಟೇ ಪರೀಕ್ಷಿಸುತ್ತಾರೆ. ಮೇಲ್ಪದರದ ನುಣ್ಣನೆಯ ಕೆಸರು, ಅದೇ ಜಾಗದ ಮರುವಾಯಿ, ದಂಡೆಯಲ್ಲಿ ಜಿನುಗುವ ನೀರು, ಹೋಲಿಸಲು ಮಾಲಿನ್ಯವಿಲ್ಲದ ಇನ್ನೊಂದು ಅಳಿವೆಯ ಕೆಸರು ಅಂತ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಸ್ಯಾಂಪಲ್ ತೆಗೆಯುವ ದಿನ ಊರಿನ ಮರುವಾಯಿ ಹೆಕ್ಕುವವರು ಜೊತೆಗಿರಬೇಕು ಅಂತಲೂ ಸೇರಿಸಿ.