ಗೇಮಿನೊಳಗಿನ ಹೆಸರುಗಳು ನಡೆದು ಬಂದ ದಾರಿ

ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮಗನನ್ನು ಬಾಗಲಕೋಟೆಯಿಂದ ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಒಂದನೇ ಗುಹೆಯ ಹತ್ತಿರ ಎಲ್ಲರೂ ಹದಿನೆಂಟು ಕೈಗಳ ನಟರಾಜನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇವನು ಮಾತ್ರ ಒಳಗೆ ಹೋಗಿ, ಕತ್ತೆತ್ತಿ ಚಾವಣಿ ನೋಡುತ್ತ ನಿಂತುಬಿಟ್ಟ. ಅಲ್ಲಿ ನಾಗರಾಜನಿದ್ದಾನೆ. ಸುರುಳಿ ಸುರುಳಿಯಾಗಿ ಸುತ್ತಿದ ಮೈ, ಅದರ ನಡುವಿನಿಂದ ಎದ್ದ ಮನುಷ್ಯನ ಎದೆ, ಮುಖ, ತಲೆಯ ಮೇಲೆ ಹೆಡೆ. "ಕಾಕಾ, ಇಂವ ನಮ್ಮ ಗೇಮಿನ್ಯಾಗ ಅದಾನ!" ಅಂದ.

ಹುಡುಗ ಹೇಳಿದ್ದು ನಿಜ. ವಾರ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಗೇಮಿನ 2003ರ ಕಂತಿನಲ್ಲಿ ನಾಗರ ಒಂದು ಕುಲವೇ ಇದೆ. ಡೋಟಾ ಅನ್ನುವ ಇನ್ನೊಂದು ಗೇಮಿನಲ್ಲಿ ನಾಗ ಸೈರನ್ ಅನ್ನುವವಳಿದ್ದಾಳೆ. ಆದರೆ ಬಾದಾಮಿಯ ಈ ನಾಗ ಆರನೇ ಶತಮಾನದವನು. ಈ ಹೆಸರು ಅಲ್ಲಿಗೆ ಹೋಗಿದ್ದು ಹೇಗೆ ಅಂತ ಅವನಿಗೆ ಹೇಳಬೇಕು ಅನ್ನಿಸಿತು. ಹೇಳುತ್ತ ಹೋದರೆ ಅದೇ ದೊಡ್ಡ ಕಥೆಯಾಯಿತು.

ಒಂದು ದಾರಿ ತೀರಾ ಹೊಸದು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟ ಬಂತು. ಕಂಪ್ಯೂಟರ್ ಬೇಡ. ಮೇಜಿನ ಸುತ್ತ ಕೂತು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವುದು. ಅದಕ್ಕೆ ನೂರಾರು ವಿಚಿತ್ರ ಪ್ರಾಣಿಗಳು ಬೇಕಿದ್ದವು. ಆಟ ಕಟ್ಟಿದವರು ಜಗತ್ತಿನ ಪುರಾಣಗಳಿಗೆಲ್ಲ ಕೈ ಹಾಕಿದರು. ಬ್ಯಾಬಿಲೋನಿನ ಕಡಲತಾಯಿ ತಿಯಾಮತ್ ಅಲ್ಲಿ ಐದು ತಲೆಯ ಡ್ರ್ಯಾಗನ್ ಆದಳು. ಬಹಾಮುತ್ ಅನ್ನುವುದು ಅರಬ್ಬರ ಕಥೆಗಳಲ್ಲಿ ಭೂಮಿಯ ಭಾರವನ್ನೆಲ್ಲ ಕೆಳಗಿನಿಂದ ಹೊತ್ತ ಮಹಾಮೀನು, ನಮ್ಮ ಆದಿಶೇಷನ ಹಾಗೆ. ಅದೂ ಇಲ್ಲಿ ಡ್ರ್ಯಾಗನ್ ಆಯಿತು. ನಮ್ಮ ನಾಗ, ರಾಕ್ಷಸ ಇಬ್ಬರೂ ಅದೇ ಪಟ್ಟಿಗೆ ಸೇರಿದರು. ರಾಕ್ಷಸನಿಗೆ ಹುಲಿ ತಲೆ ಬಂತು! ನಮ್ಮ ಬಯಲಾಟದಲ್ಲಿ ದೊಡ್ಡ ಮೀಸೆ, ಭುಜಕೀರ್ತಿ ಹೊತ್ತು ಅಬ್ಬರಿಸುವ ರಾಕ್ಷಸನನ್ನು ನೋಡಿ ಬೆಳೆದವರಿಗೆ ಇದು ಯಾರೋ ಬೇರೆಯವರು ಅನ್ನಿಸುತ್ತದೆ.

ಜಪಾನಿನ ಗೇಮುಗಳಿಗೂ ಈ ಪಟ್ಟಿ ದಾಟಿತು. ಮೊದಲ ಫೈನಲ್ ಫ್ಯಾಂಟಸಿ ಬಂದಿದ್ದು 1987ರ ಡಿಸೆಂಬರಿನಲ್ಲಿ. ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಅದೇ ವರ್ಷ. ಆ ಗೇಮಿನಲ್ಲಿ ತಿಯಾಮತ್, ಬಹಾಮುತ್ ಇಬ್ಬರೂ ಇದ್ದಾರೆ. 1990ರ ಮೂರನೇ ಕಂತಿನಲ್ಲಿ ಆಟಗಾರ ಕರೆದರೆ ಬರುವ ಶಕ್ತಿಗಳಲ್ಲಿ ಶಿವ ಅನ್ನುವ ಹೆಸರಿದೆ. ಅದು ಒಬ್ಬ ಹೆಣ್ಣು, ಮಂಜು ಎರಚುವವಳು. ಹೆಸರು ಬಿಟ್ಟರೆ ಶಿವನದು ಅಲ್ಲಿ ಏನೂ ಇಲ್ಲ. ಮೊದಲ ಸಲ ನೋಡಿದಾಗ ನನಗೆ ಕಸಿವಿಸಿಯಾಗಿತ್ತು, ಈಗಲೂ ಪೂರ್ತಿ ಹೋಗಿಲ್ಲ.

ಇನ್ನೊಂದು ದಾರಿ ಬಹಳ ಹಳೆಯದು. ನನಗೆ ಜಾಸ್ತಿ ಇಷ್ಟವಾಗುವುದೂ ಅದೇ. ಭಿಕ್ಷುಗಳ ಜೊತೆ, ಬೌದ್ಧ ಗ್ರಂಥಗಳ ಒಳಗೆ ಕೂತು ನಮ್ಮ ಹೆಸರುಗಳು ಚೀನಾಕ್ಕೆ, ಅಲ್ಲಿಂದ ಜಪಾನಿಗೆ ನಡೆದುಹೋದವು. ಯಮರಾಜ ಚೀನಾದಲ್ಲಿ ಯಾನ್‌ಲುವೋ, ಜಪಾನಿನಲ್ಲಿ ಎನ್ಮಾ. ನಾರಾ ಊರಿನ ಕೋಫುಕುಜಿ ಗುಡಿಯಲ್ಲಿ 734ರಲ್ಲಿ ಮಾಡಿದ ಅಸುರನ ಮೂರ್ತಿ ಇದೆ, ಮೂರು ಮುಖ, ಆರು ಕೈ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಎದ್ದ ಕಾಲವೂ ಹೆಚ್ಚುಕಡಿಮೆ ಅದೇ. 1991ರ ಫೈನಲ್ ಫ್ಯಾಂಟಸಿಯ ಅಸುರ ರಾಣಿಗೂ ಮೂರು ಮುಖ.

ನೆಝಾ ಅನ್ನುವ ಹುಡುಗ ದೇವರು ಹತ್ತಾರು ಗೇಮುಗಳಲ್ಲಿ ಸಿಗುತ್ತಾನೆ. ಕೈಯಲ್ಲಿ ಈಟಿ, ಕಾಲ ಕೆಳಗೆ ಬೆಂಕಿಯ ಚಕ್ರ. ಅವನು ಯಾರು ಗೊತ್ತಾ? ನಳಕೂಬರ! ಕುಬೇರನ ಮಗ. ಕೃಷ್ಣನನ್ನು ಯಶೋದೆ ಒರಳಿಗೆ ಕಟ್ಟಿದಾಗ, ಅವನು ಒರಳು ಎಳೆದುಕೊಂಡು ಹೋಗಿ ಬೀಳಿಸಿದ ಎರಡು ಮತ್ತಿ ಮರಗಳಲ್ಲಿ ಒಬ್ಬ. ಗ್ರಂಥಗಳು ಚೀನೀ ಭಾಷೆಗೆ ಹೋದಾಗ ನಳಕೂಬರ ಅನ್ನುವ ಉದ್ದದ ಹೆಸರು ಸವೆದು ಸವೆದು ನೆಝಾ ಅಷ್ಟೇ ಉಳಿಯಿತು. ಅಪ್ಪನೂ ಜೊತೆಗೇ ಹೋಗಿದ್ದಾನೆ. ಕುಬೇರನ ಇನ್ನೊಂದು ಹೆಸರು ವೈಶ್ರವಣ ಅಲ್ವಾ? ಜಪಾನಿನಲ್ಲಿ ಅವನು ಬಿಶಾಮೊನ್.

ಈ ದಾರಿಯಲ್ಲಿ ಎದುರಾಗುವ ದೊಡ್ಡ ಹೆಸರು ವುಕಾಂಗ್. 2024ರ ಆಗಸ್ಟಿನಲ್ಲಿ ಬಂದ 'ಬ್ಲ್ಯಾಕ್ ಮಿಥ್: ವುಕಾಂಗ್' ಗೇಮು ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು ಎಂದು ಅದನ್ನು ಮಾಡಿದ ಚೀನಾದ ಕಂಪನಿ ಹೇಳಿತು. ಇದರ ಬೇರು 16ನೇ ಶತಮಾನದ ಒಂದು ಚೀನೀ ಕಾದಂಬರಿ. ಅದರಲ್ಲಿ ವಾನರ ವೀರ ಸುನ್ ವುಕಾಂಗ್ ಒಬ್ಬ ಸನ್ಯಾಸಿಯನ್ನು ಕಾಪಾಡುತ್ತ ಗ್ರಂಥ ತರಲು ಭಾರತದ ಕಡೆ ಹೊರಡುತ್ತಾನೆ. ಆ ಸನ್ಯಾಸಿ ಕಲ್ಪನೆಯವನಲ್ಲ. ಅವನು ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದವನು. ಇಲ್ಲಿನ ಜನ ಉಪಕಾರ ಮರೆಯುವುದಿಲ್ಲ, ಕೇಡು ಮಾಡಿದವರನ್ನು ಬಿಡುವುದಿಲ್ಲ, ಹರ್ಷನಿಗೂ ಇವರನ್ನು ಗೆಲ್ಲಲಾಗಲಿಲ್ಲ ಎಂದು ಬರೆದಿಟ್ಟವನು. 645ರಲ್ಲಿ ಚೀನಾಕ್ಕೆ ಮರಳುವಾಗ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಹೋದ.

ವುಕಾಂಗನೇ ಹನುಮಂತನಾ? ಈ ಜಗಳ ಚೀನಾದಲ್ಲೇ ನಡೆದಿದೆ. 1920ರ ದಶಕದಲ್ಲಿ ಹು ಷಿ ಎಂಬ ವಿದ್ವಾಂಸ ಹನುಮಂತನ ಕಡೆ ಕೈ ತೋರಿಸಿದರೆ, ಲೇಖಕ ಲು ಷುನ್ ಚೀನಾದ್ದೇ ಒಂದು ಹೊಳೆಯ ಪಿಶಾಚಿಯ ಕಥೆ ಇದಕ್ಕೆ ಮೂಲ ಎಂದರು. ಇದು ಇನ್ನೂ ಇತ್ಯರ್ಥವಾಗಿಲ್ಲ, ಹಾಗಾಗಿ 'ನಮ್ಮವನೇ' ಅಂತ ಎದೆ ತಟ್ಟಿಕೊಳ್ಳಲು ನಾನು ಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಅವನ ಹೆಸರು. ವುಕಾಂಗ್ ಅಂದರೆ ಶೂನ್ಯವನ್ನು ಅರಿತವನು. 'ಕಾಂಗ್' ಅನ್ನುವುದು ನಮ್ಮ 'ಶೂನ್ಯ'ಕ್ಕೆ ಚೀನೀ ಬೌದ್ಧರು ಇಟ್ಟುಕೊಂಡ ಮಾತು. ಬೌದ್ಧರ ಶೂನ್ಯವೂ ಅಲ್ಲಮನ ಶೂನ್ಯವೂ ಒಂದೇ ಅಲ್ಲ, ನಿಜ. ಆದರೂ ಕೂಡಲಸಂಗಮದ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಆ ಮಾತು ಸುಮ್ನೆ ದಾಟಿ ಹೋಗುವಂಥದ್ದಲ್ಲ.

ಹೆಸರು ಎರವಲು ಪಡೆದಿದ್ದು ನೋವು ಕೊಟ್ಟಿದ್ದೂ ಇದೆ. 2012ರಲ್ಲಿ ಸ್ಮೈಟ್ ಗೇಮಿನ ಕಾಳಿಯ ಚಿತ್ರಕ್ಕೆ ಅಮೆರಿಕದ ಹಿಂದೂಗಳು ವಿರೋಧ ಮಾಡಿದರು. ತಿಯಾಮತ್‌ಗೆ ಇವತ್ತು ದೀಪ ಹಚ್ಚುವ ಮನೆ ಕಾಣುವುದಿಲ್ಲ. ಕಾಳಿಯ ಗುಡಿ ಊರೂರಿಗೆ ಇದೆ. ಈ ವ್ಯತ್ಯಾಸ ಗೇಮ್ ಮಾಡುವವರಿಗೆ ಗೊತ್ತಿರಬೇಕು. 2020ರಲ್ಲಿ ಪುಣೆಯವರು ಮಾಡಿದ 'ರಾಜಿ' ಗೇಮಿನಲ್ಲಿ ಆ ಎಚ್ಚರ ಕಾಣುತ್ತದೆ. ಅಲ್ಲಿ ಹೊಡೆದಾಡುವುದು ರಾಜಿ ಅನ್ನುವ ಹುಡುಗಿ, ಕಳೆದುಹೋದ ತಮ್ಮ ಗೋಲುನನ್ನು ಹುಡುಕುತ್ತ. ದುರ್ಗೆ, ವಿಷ್ಣು ಅವಳ ಕಥೆ ಹೇಳುತ್ತಾರೆ.

ಆ ರಾತ್ರಿ ಮನೆಗೆ ಬಂದ ಮೇಲೆ ಹುಡುಗ ಮೊಬೈಲಿನಲ್ಲಿ ನೆಝಾನ ಚಿತ್ರ ತೆಗೆದು ನಮ್ಮವ್ವನಿಗೆ ತೋರಿಸಿದ. "ಆಯಿ, ಇಂವ ನಳಕೂಬರ ಅಂತ." ಅವ್ವ ಕನ್ನಡಕ ಸರಿ ಮಾಡಿಕೊಂಡು ನೋಡಿದಳು. "ಮರ ಆಗಿ ನಿಂತಿದ್ದಂವ ಚೀನಾಕ್ಕ ಹೆಂಗ ಹೋದ?" ಅಂತ ಕೇಳಿದಳು. ಅವನು ಹೇಳಲು ಶುರು ಮಾಡಿದ.