ಹತ್ತು ರಾಗ, ಒಂದು ಬೆಳ್ಳಿ ಬಣ್ಣದ ಡಬ್ಬಿ

ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ ಹುಟ್ಟಿದ್ದು ಅಮೆರಿಕದ ಶಿಕಾಗೊದಲ್ಲಲ್ಲ, ನಮ್ಮ ಬಾಂಬೆಯಲ್ಲಿ ಎಂಬ ಮಾತು ಕೆಲವು ವರ್ಷಗಳಿಂದ ಓಡಾಡುತ್ತಿದೆ. ಕೇಳಲು ಖುಷಿಯಾಗುತ್ತದೆ. 'ಎಲ್ಲಾ ನಮ್ಮಲ್ಲೇ ಮೊದಲು ಇತ್ತು' ಎನ್ನುವವರ ಕೈಗೆ ಸಿಕ್ಕರಂತೂ ಮುಗಿಯಿತು. ಮಾತು ಪೂರ್ತಿ ನಿಜವಲ್ಲ. ಆದರೆ ಅದರ ಹಿಂದಿರುವ ಆಲ್ಬಮ್ ನಿಜ, ಮತ್ತು ಅದು ಈ ಜಂಬಕ್ಕಿಂತ ಎಷ್ಟೋ ಸ್ವಾರಸ್ಯವಾಗಿದೆ.

ಆ ಆಲ್ಬಮ್ಮಿನ ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್'. 1982ರ ಎಲ್‌ಪಿ, ಎಚ್‌ಎಂವಿ ಮುದ್ರೆ. ನುಡಿಸಿದವರು ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾದ ವಾದ್ಯವೃಂದಗಳಲ್ಲಿ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ಎಲ್ಲವನ್ನೂ ನುಡಿಸುತ್ತಿದ್ದವರು. ಆರ್.ಡಿ. ಬರ್ಮನ್ ಅವರಂಥವರ ಜೊತೆ ಕೆಲಸ ಮಾಡಿದವರು. ಸಿನಿಮಾ ಹಾಡುಗಳ ಕ್ಯಾಸೆಟ್ಟಿನ ಹೊದಿಕೆಗೆ ಮಾತ್ರ ಹೆಸರು ಬರದ ಜಾತಿ. ಆಗ ಸಿನಿಮಾದಲ್ಲಿ ಡಿಸ್ಕೊ ಜ್ವರ. ತಬಲಾ ಬಿಟ್ಟು ಡಿಸ್ಕೊ ತಾಳಕ್ಕೆ ರಾಗ ನುಡಿಸಿದರೆ ಹೇಗೆ ಎಂದು ನಲವತ್ತು ದಾಟಿದ್ದ ಸಿಂಗ್‌ಗೆ ಹೊಳೆಯಿತು. ಭೈರವಿ, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ್ ಮಲ್ಹಾರ್, ಯಮನ್, ಕಲಾವತಿ, ಮಾಲಕೌಂಸ್, ಬೈರಾಗಿ. ಲೆಕ್ಕಕ್ಕೆ ಸರಿಯಾಗಿ ಹತ್ತು.

ಆಲ್ಬಮ್ ಹೇಳಿಕೊಳ್ಳುವಷ್ಟು ಮಾರಾಟವಾಗಲಿಲ್ಲ. ರಾಗ ಕೇಳುವವರಿಗೆ ಡಿಸ್ಕೊ ಬೇಡ, ಡಿಸ್ಕೊ ಕುಣಿಯುವವರಿಗೆ ಲಲಿತ್ ಬೇಡ. ಇಪ್ಪತ್ತು ವರ್ಷ ಕಳೆದು, 2002ರಲ್ಲಿ, ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ದೆಹಲಿಯಲ್ಲಿ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಆತ ಅದನ್ನು ಮತ್ತೆ ಅಚ್ಚು ಹಾಕಿಸಿದ. ಯುರೋಪಿನ ಕೇಳುಗರು ಬೆಚ್ಚಿಬಿದ್ದರು. 1987ರ ಶಿಕಾಗೊದ ಸದ್ದು 1982ರ ಬಾಂಬೆಯಲ್ಲಿ ಹೇಗೆ ಬಂತು? ಇದೆಲ್ಲೋ ಇವತ್ತಿನ ಹುಡುಗರು ಮಾಡಿದ ಕಿಡಿಗೇಡಿತನ ಇರಬೇಕು ಎಂದು ಅನುಮಾನಪಟ್ಟವರೂ ಇದ್ದರು.

ಉತ್ತರ ಇರುವುದು ಸಿಂಗ್ ಬಳಸಿದ ಯಂತ್ರಗಳಲ್ಲಿ. ಮೂರೂ ಜಪಾನಿನ ರೋಲಂಡ್ ಕಂಪನಿಯವು. ಟಿಆರ್-808 ಡ್ರಮ್ಮಿನ ಕೆಲಸಕ್ಕೆ. ಜ್ಯೂಪಿಟರ್-8 ಎಂಬ ದೊಡ್ಡ ಕೀಬೋರ್ಡ್ ರಾಗ ನುಡಿಸಲು. ಮೂರನೆಯದು ಟಿಬಿ-303, ಕೆಳಗಿನ ಬೇಸ್ ಸಾಲು ನುಡಿಸಲು, ಚೀಲಕ್ಕೆ ಹಾಕಿಕೊಳ್ಳಬಹುದಾದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ. ಯಂತ್ರಗಳು ಒಂದಕ್ಕೊಂದು ಮಾತಾಡುವ ಮಿಡಿ ಎಂಬ ಏರ್ಪಾಡು ಬಂದಿದ್ದು 1983ರಲ್ಲಿ. ಅದಕ್ಕೂ ಮುಂಚೆ ರೋಲಂಡ್ ಯಂತ್ರಗಳು ಒಂದು ಕೇಬಲ್ಲಿನಲ್ಲಿ ತಾಳದ ಪ್ರತಿ ಪೆಟ್ಟಿಗೆ 24 ಮಿಡಿತ ಕಳಿಸಿ ಹೆಜ್ಜೆ ಹೊಂದಿಸಿಕೊಳ್ಳುತ್ತಿದ್ದವು. ಮೇಷ್ಟ್ರು ಕೈ ತಟ್ಟಿದಂತೆ, ಅಷ್ಟೇ.

ಈ ಆಲ್ಬಮ್ಮನ್ನು ಸಂಗೀತ ಕಲಿತ ನಮ್ಮ ದೊಡ್ಡಮ್ಮನಿಗೆ ಕೇಳಿಸಿದ್ದೆ. ಏನು ಎತ್ತ ಹೇಳಿರಲಿಲ್ಲ. ಭೂಪಾಲಿ ಶುರುವಾಗಿ ಅರ್ಧ ನಿಮಿಷ ಆಗಿರಬೇಕು. "ಮೋಹನ ಅಲ್ವೇನೋ ಇದು?" ಅಂದರು. ಹೌದು, ನಮ್ಮ ಮೋಹನಕ್ಕೆ ಅವರಲ್ಲಿ ಭೂಪಾಲಿ. ಸ್ವಲ್ಪ ಹೊತ್ತು ತಲೆದೂಗಿ ಆಮೇಲೆ, "ಗಾಂಧಾರ ಒಂಚೂರು ಏರಿದೆ" ಎಂದರು.

ದೊಡ್ಡಮ್ಮನ ಕಿವಿ ಸುಳ್ಳು ಹೇಳಲಿಲ್ಲ. ಲೆಕ್ಕ ಹಾಕೋಣ. ಷಡ್ಜ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ತಂಬೂರಿಯ ಜೊತೆ ಹಾಡುವವರ ಗಾಂಧಾರ ಅದರ ಐದು ನಾಲ್ಕಾಂಶ, ಅಂದರೆ 300ರ ಹತ್ತಿರ ನಿಲ್ಲುತ್ತದೆ. ಕೀಬೋರ್ಡ್ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡುತ್ತದೆ. ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.0595 ಪಟ್ಟು. ನಾಲ್ಕು ಮೆಟ್ಟಿಲು ಹತ್ತಿದರೆ ಗಾಂಧಾರ 302.4ಕ್ಕೆ ಬರುತ್ತದೆ. ಎರಡೂವರೆಯಷ್ಟು ಏರು. ಪಂಚಮದಲ್ಲಿ ಈ ತಕರಾರು ಇಲ್ಲ. ಇರಬೇಕಾದದ್ದು 360, ಕೀಬೋರ್ಡ್ ಕೊಡುವುದು 359.6. ಯಾರಿಗೂ ಗೊತ್ತಾಗಲ್ಲ.

ಎರಡೂವರೆ ಕಂಪನ ಅಷ್ಟೇನಾ ಅನ್ನಿಸಬಹುದು. ಆದರೆ ಯಾವ ಸ್ವರವೂ ಒಂಟಿಯಾಗಿ ಬರುವುದಿಲ್ಲ. 240ರ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳೂ ಮೆಲ್ಲಗೆ ಹೊರಡುತ್ತವೆ. ಇವೇ ಹಾರ್ಮೋನಿಕ್‌ಗಳು. ಷಡ್ಜದ ಐದನೆಯ ಹಾರ್ಮೋನಿಕ್ 1200. ಸರಿಯಾದ ಗಾಂಧಾರದ ನಾಲ್ಕನೆಯದೂ 1200. ಎರಡೂ ಅಪ್ಪಿಕೊಳ್ಳುತ್ತವೆ. ಕೀಬೋರ್ಡಿನ ಗಾಂಧಾರದ ನಾಲ್ಕನೆಯದು 1209.5. ಎರಡೂ ಸೇರಿ ಸೆಕೆಂಡಿಗೆ ಒಂಬತ್ತು ಹತ್ತು ಸಲ ಅದುರುತ್ತವೆ. ದೊಡ್ಡಮ್ಮನಿಗೆ ಚುಚ್ಚಿದ್ದು ಆ ಅದುರು.

ಇದು ಹಾರ್ಮೋನಿಯಂ ಮೇಲಿದ್ದ ಹಳೆಯ ದೂರು ಕೂಡ. ಅದರ ಮೇಲೆ ಇನ್ನೊಂದು ದೂರೂ ಇತ್ತು: ಸ್ವರದಿಂದ ಸ್ವರಕ್ಕೆ ಅದು ಜಾರುವುದಿಲ್ಲ, ಬರೀ ಹಾರುತ್ತದೆ. ಇಂಥ ಕಾರಣಗಳಿಗೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಗ್ ಬಳಸಿದಂಥ ಯಂತ್ರ, ಮೊದಲ ದೂರಿನಿಂದ ತಪ್ಪಿಸಿಕೊಳ್ಳಲಿಲ್ಲ. ಎರಡನೆಯದರಲ್ಲಿ ಮಾತ್ರ ಚೆನ್ನಾಗಿ ಪಾಸಾಯಿತು.

ಹೇಗೆ ಅಂತೀರಾ? ಈ ಯಂತ್ರಗಳಿಗೆ ಸ್ವರ ಎಂದರೆ ವೋಲ್ಟೇಜು. 303ರಲ್ಲಿ ಒಂದು ಸ್ಥಾಯಿಗೆ ಒಂದು ವೋಲ್ಟು. ಒಂದು ಮೆಟ್ಟಿಲಿಗೆ ಅದರ ಹನ್ನೆರಡನೆಯ ಒಂದು ಪಾಲು, ಅಂದರೆ 83 ಮಿಲಿವೋಲ್ಟು. ವೋಲ್ಟೇಜು ತಟ್ಟನೆ ಏರಿದರೆ ಸ್ವರ ಹಾರುತ್ತದೆ. ದಾರಿಯಲ್ಲಿ ವಿದ್ಯುತ್ತು ತುಂಬಿಕೊಳ್ಳುವ ಒಂದು ಕೆಪಾಸಿಟರ್ ಇಟ್ಟು, ಅದು ಹರಿವಿಗೆ ತಡೆಯೊಡ್ಡುವ ರೆಸಿಸ್ಟರ್ ಮೂಲಕ ತುಂಬುವಂತೆ ಮಾಡಿದರೆ ವೋಲ್ಟೇಜು ಮೆಲ್ಲಗೆ ಏರುತ್ತದೆ. ಸ್ವರ ಜಾರುತ್ತದೆ. 303ರಲ್ಲಿ ಈ ಜಾರು ಸುಮಾರು 60 ಮಿಲಿಸೆಕೆಂಡಿನದು. ಮೊದಲು ವೇಗವಾಗಿ ಹೊರಟು, ಗುರಿ ಹತ್ತಿರವಾದಂತೆ ನಿಧಾನ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಜಾರುವಾಗ 303 ಹೊಸ ಸ್ವರವನ್ನು ಹೊಸದಾಗಿ ಮೀಟುವುದಿಲ್ಲ. ಹಳೆಯ ಸ್ವರದ ಉಸಿರಿನಲ್ಲೇ ಮುಂದಿನದಕ್ಕೆ ಹೋಗುತ್ತದೆ. ವೀಣೆಯಲ್ಲಿ ಒಮ್ಮೆ ಮೀಟಿ ತಂತಿ ಎಳೆಯುತ್ತಾರಲ್ಲ, ಸಿತಾರಿನವರು ಮೀಂಡ್ ಎನ್ನುತ್ತಾರಲ್ಲ, ಕೆಲಸ ಅದೇ. ಜಪಾನಿನ ಎಂಜಿನಿಯರುಗಳ ತಲೆಯಲ್ಲಿ ಇದ್ದಿದ್ದು ವೀಣೆಯಲ್ಲ, ಬೇಸ್ ಗಿಟಾರು. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಜೊತೆ ಕೊಡಲಿ ಎಂದು ತದಾವೊ ಕಿಕುಮೊಟೊ ಇದನ್ನು ರೂಪಿಸಿದರು. ನಿಜವಾದ ಮೀಂಡ್‌ನ ಮುಂದೆ ಇದು ಎಳೆಗೂಸು ಬಿಡಿ. ಪ್ರತಿ ಸಲವೂ ಅದೇ ಜಾರು, ಅದೇ ಹೊತ್ತು. ಅದಕ್ಕೇ ಇರಬೇಕು, ಸಿಂಗ್ ರಾಗದ ಮುಖ್ಯ ನಡೆಯನ್ನು ಜ್ಯೂಪಿಟರ್ ಮೇಲೆ ಕೈಯಲ್ಲೇ ನುಡಿಸಿದರು. 303 ಕೆಳಗೆ ಕೂತು ಅದದೇ ಸಾಲನ್ನು ಗೊಣಗುತ್ತಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಗೊಣಗು. ಅದೊಂದು ಬಗೆಯ ಒದ್ದೆ ಸದ್ದು. ಅದು ಹುಟ್ಟುವುದು ಹೀಗೆ. 303ರ ಮೂಲ ಸದ್ದು ಗರಗಸದ ಹಲ್ಲಿನಂಥ ಅಲೆ. ಅದರಲ್ಲಿ ಎಲ್ಲ ಹಾರ್ಮೋನಿಕ್‌ಗಳೂ ಇವೆ. ಎರಡನೆಯದು ಅರ್ಧ ಬಲ, ಮೂರನೆಯದು ಮೂರನೇ ಒಂದು ಬಲ, ಹೀಗೆ. ಸುಮ್ನೆ ಕೇಳಿದರೆ ಜೀರುಂಡೆಯಂತೆ ಕೊರೆಯುತ್ತದೆ. ಈ ಸದ್ದನ್ನು ಒಂದು ಫಿಲ್ಟರಿಗೆ ಬಿಡುತ್ತಾರೆ. ಒಂದು ಗೆರೆಗಿಂತ ಮೇಲಿನ ಹಾರ್ಮೋನಿಕ್‌ಗಳನ್ನು ಅದು ಕತ್ತರಿಸುತ್ತದೆ. ಜೊತೆಗೆ ರೆಸೊನೆನ್ಸ್ ಎಂಬ ಗುಂಡಿ ತಿರುಗಿಸಿದರೆ, ಸರಿಯಾಗಿ ಆ ಗೆರೆಯಲ್ಲೇ ಇರುವ ಹಾರ್ಮೋನಿಕ್ ಎದ್ದು ಕೂಗುತ್ತದೆ. ಗೆರೆಯನ್ನು ಸರಿಸುತ್ತಾ ಹೋದರೆ ಒಂದಾದ ಮೇಲೊಂದು ಹಾರ್ಮೋನಿಕ್ ಸರದಿಯಲ್ಲಿ ಎದ್ದು ಕೂರುತ್ತದೆ. ಸ್ವರ ಬದಲಾಗಿಲ್ಲ, ಆದರೂ ಒಳಗೆ ಏನೋ ಹರಿದಾಡಿದಂತೆ ಕೇಳುತ್ತದೆ.

ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ನಲ್ಲಿಯ ಕೆಳಗೆ ಬಿಂದಿಗೆ ಇಡಿ. ನೀರು ಬೀಳುವ ಸದ್ದಿನಲ್ಲಿ ಎಲ್ಲ ಕಂಪನಗಳೂ ಇವೆ. ಬಿಂದಿಗೆಯೊಳಗಿನ ಗಾಳಿ ತನಗೆ ಹಿಡಿಸಿದ ಕಂಪನವನ್ನು ಮಾತ್ರ ಎತ್ತಿ ಹಿಡಿಯುತ್ತದೆ. ನೀರು ಏರಿದಂತೆ ಗಾಳಿಯ ಜಾಗ ಕಮ್ಮಿ, ಸದ್ದು ಮೇಲೆ ಮೇಲೆ. ನೋಡದೆಯೇ ಬಿಂದಿಗೆ ತುಂಬಿತು ಎಂದು ಗೊತ್ತಾಗುವುದು ಇದರಿಂದಲೇ, ಅಲ್ವಾ? ಇನ್ನೂ ಒಂದು ಇದೆ. ಒಂದೇ ಶ್ರುತಿಯಲ್ಲಿ, ಉಸಿರು ಕಡಿಯದೆ 'ಊ' ಎನ್ನುತ್ತಾ ನಿಧಾನಕ್ಕೆ 'ಈ'ಗೆ ಹೋಗಿ. ಗಂಟಲು ಬದಲಾಗಿಲ್ಲ, ಬಾಯಿ ಫಿಲ್ಟರಾಗಿದೆ. ಗಮನ ಇಟ್ಟರೆ ಮೇಲೆ ಸಣ್ಣ ಶಿಳ್ಳೆಗಳು ಕೇಳುತ್ತವೆ.

ಈ ಹರಿದಾಟ ರಾಗದ ಕಿವಿಗೆ ಹೊಸದಲ್ಲ. ತಂಬೂರಿಯಲ್ಲಿ ಅದು ಮೊದಲಿನಿಂದ ಇದೆ. ತಂಬೂರಿಯ ಕುದುರೆ ಚಪ್ಪಟೆ, ಸ್ವಲ್ಪ ಬಾಗು. ತಂತಿಯ ಕೆಳಗೆ ಒಂದು ನೂಲು ತೂರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ತಂತಿ ಜೇನಿನಂತೆ ಗುಂಯ್‌ಗುಡುವ ಜಾಗ ಹುಡುಕುತ್ತಾರೆ. ಹಿಂದೂಸ್ತಾನಿಯವರು ಜವಾರಿ ಎನ್ನುವುದು ಈ ಗುಣಕ್ಕೆ. ಮೀಟಿದ ತಂತಿ ಪ್ರತಿ ಕಂಪನದಲ್ಲೂ ಕುದುರೆಗೆ ತಾಗಿ ಬಿಡುತ್ತದೆ. ಅದರಿಂದ ಮೇಲಿನ ಹಾರ್ಮೋನಿಕ್‌ಗಳಿಗೆ ಬಲ ಬರುತ್ತದೆ, ಅವು ಒಂದೊಂದಾಗಿ ಎದ್ದು ಇಳಿಯುತ್ತವೆ. ಸಿ.ವಿ. ರಾಮನ್ ಕಲ್ಕತ್ತಾದಲ್ಲಿದ್ದಾಗ, ಬೆಳಕಿನ ಚದುರುವಿಕೆಯಿಂದ ಹೆಸರಾಗುವ ಮುಂಚೆ, 1921ರಲ್ಲಿ ತಂಬೂರಿ ಮತ್ತು ವೀಣೆಗಳ ಬಗ್ಗೆ ಒಂದು ಪ್ರಬಂಧ ಬರೆದರು. ತಂತಿಯನ್ನು ಯಾವುದೋ ಹಾರ್ಮೋನಿಕ್ ಅಲುಗದ ಬಿಂದುವಿನಲ್ಲಿ ಮೀಟಿದರೆ ಆ ಹಾರ್ಮೋನಿಕ್ ಬರಬಾರದು ಎನ್ನುವುದು ಹಳೆಯ ನಿಯಮ. ತಂಬೂರಿಯಲ್ಲಿ ಅದೂ ಜೋರಾಗಿ ಬರುತ್ತದೆ ಎಂದು ರಾಮನ್ ತೋರಿಸಿದರು. ಬಾಗಿದ ಕುದುರೆ ನಿಯಮವನ್ನು ಮುರಿದಿತ್ತು.

ಸಿಂಗ್ ಇದೆಲ್ಲ ಯೋಚಿಸಿ 303 ತಂದರು ಎಂದು ನಾನು ಹೇಳುತ್ತಿಲ್ಲ. ಸಿನಿಮಾದವರಿಗೆ ಹೊಸ ಯಂತ್ರ ಬೇಕಿತ್ತು, ಸಿಂಗ್ ತಂದಿದ್ದರು. ಆದರೆ ಗುಂಡಿ ತಿರುಗಿಸುವಾಗ ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಕಿವಿ. ಜೀವಮಾನವಿಡೀ ತಂಬೂರಿಯ ಸದ್ದು ಕೇಳಿದ ಕಿವಿ ಇಂಥ ಹರಿದಾಟ ಸಿಕ್ಕಲ್ಲಿ 'ಹಾಂ, ಇದು' ಎಂದಿರಬೇಕು. ಇದು ನನ್ನ ಊಹೆ. ಅದೇ ಸುಮಾರಿನಲ್ಲಿ ಬೆಂಗಳೂರಿನ ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್, ಎಂಜಿನಿಯರೂ ಕೊಳಲು ವಾದಕರೂ ಆದವರು, ಶ್ರುತಿಪೆಟ್ಟಿಗೆ ಮತ್ತು ತಂಬೂರಿಯನ್ನು ಎಲೆಕ್ಟ್ರಾನಿಕ್ ಡಬ್ಬಿಗೆ ಇಳಿಸುವ ಕೆಲಸದಲ್ಲಿದ್ದರು. ಸರ್ಕಿಟ್ಟಿನಲ್ಲಿ ಶ್ರುತಿ ಹಿಡಿಯುವ ಆಸೆ ಒಬ್ಬರದ್ದೇ ಆಗಿರಲಿಲ್ಲ.

ಇನ್ನು ಶಿಕಾಗೊ. 303 ಬೇಸ್ ಗಿಟಾರಿನಂತೆ ಕೇಳಿಸಲೇ ಇಲ್ಲ. ಅದಕ್ಕೆ ಸಾಲು ಕಲಿಸುವುದೂ ತಲೆನೋವು. ಸ್ವರಗಳನ್ನು ಒಂದು ಸಲ ಒತ್ತಬೇಕು, ಕಾಲವನ್ನು ಇನ್ನೊಂದು ಸಲ ಬೇರೆಯಾಗಿ ಒತ್ತಬೇಕು. ಸುಮಾರು 10,000 ಡಬ್ಬಿ ಮಾಡಿ 1984ರಲ್ಲಿ ಕಂಪನಿ ಕೈಬಿಟ್ಟಿತು. ಅವು ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಬಂದು ಬಿದ್ದವು. ಕೈಯಲ್ಲಿ ದುಡ್ಡಿಲ್ಲದ ಹುಡುಗರು ಕೊಂಡರು. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಎಂಬ ಮೂವರ 'ಫ್ಯೂಚರ್' ತಂಡ ಒಂದೇ ಸಾಲನ್ನು ಓಡಲು ಬಿಟ್ಟು ಬರೀ ಗುಂಡಿಗಳನ್ನು ತಿರುಗಿಸುತ್ತಾ ಹೋಯಿತು. 1987ರಲ್ಲಿ ಬಂದ ಆ 'ಆ್ಯಸಿಡ್ ಟ್ರ್ಯಾಕ್ಸ್' ಹತ್ತು ನಿಮಿಷ ದಾಟುತ್ತದೆ. ಆ್ಯಸಿಡ್ ಹೌಸ್ ಶುರುವಾದದ್ದು ಅಲ್ಲಿ. ಅವರು ಸಿಂಗ್ ಹೆಸರು ಕೇಳಿರಲಿಲ್ಲ. ಸಿಂಗ್‌ಗೂ ಆ್ಯಸಿಡ್ ಹೌಸ್ ಎಂದರೆ ಏನೆಂದು ಗೊತ್ತಿರಲಿಲ್ಲ. ಯಾರೂ ಯಾರಿಂದಲೂ ಕದ್ದಿಲ್ಲ, ಕಲಿತಿಲ್ಲ. ಒಂದೇ ಒರಳಿನಲ್ಲಿ ಒತ್ತಿದರೆ ಬಾಂಬೆಯಲ್ಲೂ ಶಿಕಾಗೊದಲ್ಲೂ ಚಕ್ಕುಲಿಯೇ ಬೀಳುತ್ತದೆ.

ಆದರೆ ಹಿಟ್ಟು ಬೇರೆ. ಸಿಂಗ್ ಮಾಲಕೌಂಸ್ ನುಡಿಸುವಾಗ ರಿಷಭ, ಪಂಚಮಗಳನ್ನು ಮುಟ್ಟುವ ಹಾಗಿಲ್ಲ. ನಮ್ಮ ಹಿಂದೋಳದಲ್ಲೂ ಹಾಗೇ. ಪಾಶ್ಚಾತ್ಯ ಡಿಸ್ಕೊದ ಬೇಸ್ ಸಾಲು ಸ್ವರಮೇಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಕಾರ್ಡ್) ಬದಲಾದಂತೆ ಜಾಗ ಬದಲಾಯಿಸುತ್ತದೆ. ರಾಗದಲ್ಲಿ ಸ್ವರಮೇಳ ಬದಲಾಗುವ ಮಾತೇ ಇಲ್ಲ, ಷಡ್ಜ ನೆಲದಂತೆ ಕೂತಿರುತ್ತದೆ. ಹಾಗಾಗಿ ಬೇಸ್ ಸಾಲು ಅಲ್ಲೇ ಸುತ್ತಬೇಕಾಯಿತು, ಅದದೇ ಹದಿನಾರು ಹೆಜ್ಜೆ. 303ಕ್ಕೆ ಬೇಕಿದ್ದದ್ದೂ ಅದೇ.

ಎಲ್‌ಪಿ ಮರಳಿ ಬಂದ ಮೇಲೆ ಸಿಂಗ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪಿಗೆ ಹೋಗಿ, ತಮ್ಮ ಮೊಮ್ಮಕ್ಕಳ ವಯಸ್ಸಿನವರ ಮುಂದೆ ಈ ರಾಗಗಳನ್ನು ನುಡಿಸಿದರು. 2015ರ ಜುಲೈಯಲ್ಲಿ ಮುಂಬೈನಲ್ಲಿ ತೀರಿಕೊಂಡರು.

ದೊಡ್ಡಮ್ಮನಿಗೆ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಹೋದ ಸಲ ಊರಿಗೆ ಹೋದಾಗ 'ಆ್ಯಸಿಡ್ ಟ್ರ್ಯಾಕ್ಸ್' ಹಾಕಿದೆ. ಹುರುಳಿಕಾಯಿ ಸೋಸುತ್ತಾ ಐದಾರು ನಿಮಿಷ ಕೇಳಿದರು. ಆಮೇಲೆ ಕೇಳಿದರು, "ತಂಬೂರಿ ಮೀಟ್ತಾನೇ ಕೂತಿದ್ದಾರಲ್ಲೋ. ಹಾಡೋವ್ರು ಇನ್ನೂ ಬಂದಿಲ್ವಾ?"