ನೌಕರಿಯೆನಿಸದ ನೌಕರಿ: ಪೋಸ್ಟ್‌ಡಾಕ್ ಬೆಳೆದು ಬಂದ ಬಗೆ

ವಿಜ್ಞಾನಿ ಹರಗೋಬಿಂದ್ ಖೊರಾನಾ 1949ರಲ್ಲಿ ಭಾರತಕ್ಕೆ ಮರಳಿದಾಗ ಅವರ ಕೈಯಲ್ಲಿ ಲಿವರ್‌ಪೂಲ್‌ನ ಪಿಎಚ್‌ಡಿ ಇತ್ತು, ಜ್ಯೂರಿಕ್‌ನಲ್ಲಿ ಸಂಬಳವಿಲ್ಲದೆ ದುಡಿದ ಅನುಭವವೂ ಇತ್ತು. ಇಲ್ಲಿ ನೌಕರಿ ಮಾತ್ರ ಸಿಗಲಿಲ್ಲ. ಕೇಂಬ್ರಿಜ್‌ಗೆ ಹೊರಟುಹೋದರು. 1968ರಲ್ಲಿ ನೊಬೆಲ್ ಬಂದಾಗ ಅವರು ಅಮೆರಿಕದ ಪ್ರಜೆ.

ಹೊರಗೆ ಓದಿ ಬಂದವರು ಹೀಗೆ ಕೈತಪ್ಪಿ ಹೋಗಬಾರದೆಂದು ಕೇಂದ್ರದ ಸಂಶೋಧನಾ ಮಂಡಳಿ ಸಿಎಸ್‌ಐಆರ್ 1958ರಲ್ಲಿ ವಿಜ್ಞಾನಿಗಳ ‘ಪೂಲ್’ ಯೋಜನೆ ತಂದಿತು. ಕಾಯಂ ಹುದ್ದೆ ಸಿಗುವ ತನಕ ತಾತ್ಕಾಲಿಕ ನೆಲೆ, ಅಷ್ಟೆ. ಪಿಎಚ್‌ಡಿ ಆದಮೇಲೆ, ಕಾಯಂ ಹುದ್ದೆಗೆ ಮುಂಚೆ ಮಾಡುವ ತಾತ್ಕಾಲಿಕ ಸಂಶೋಧನೆಯೇ ಪೋಸ್ಟ್‌ಡಾಕ್. ನಮ್ಮಲ್ಲಿ ಅದರ ಒಂದು ಬೇರು ಅಲ್ಲಿದೆ: ಬಸ್ಸು ಬರುವವರೆಗೆ ಕೂರಲು ಹಾಕಿದ ಬೆಂಚು ಅದು.

ಆಗ ನಮ್ಮ ಕಲಬುರಗಿಯಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿಗೆ ಬಂದದ್ದು 1970ರಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2009ರವರೆಗೆ ಕಾಯಬೇಕಾಯಿತು. ಪಿಎಚ್‌ಡಿ ಊರಲ್ಲೇ ಸಿಗತೊಡಗಿತು. ಅದರ ಮುಂದಿನ ಮೆಟ್ಟಿಲು ಬೆಂಗಳೂರು, ಹೈದರಾಬಾದುಗಳಲ್ಲೇ ಉಳಿಯಿತು. ಕಾರಣ ಸರಳ. ಪೋಸ್ಟ್‌ಡಾಕ್‌ಗಳು ಸೇರುವ ರಿಸರ್ಚ್ ಅಸೋಸಿಯೇಟ್ ಹುದ್ದೆ ಬಹುಮಟ್ಟಿಗೆ ಪ್ರಾಧ್ಯಾಪಕರ ಪ್ರಾಜೆಕ್ಟ್‌ಗೆ ಕಟ್ಟಿದ ಕರು. ದೊಡ್ಡ ಯಂತ್ರ, ದೊಡ್ಡ ಅನುದಾನ ಇದ್ದಲ್ಲಿ ಪ್ರಾಜೆಕ್ಟ್. ಅದು ಮುಗಿದ ದಿನ ಹುದ್ದೆಯೂ ಮುಗಿಯಿತು. 2023ರ ಪರಿಷ್ಕರಣೆಯ ನಂತರ ತಿಂಗಳಿಗೆ 58,000ದಿಂದ 67,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಮೊತ್ತ ಸಣ್ಣದಲ್ಲ. ಆದರೆ ಬೀದರಿನಲ್ಲೋ ಯಾದಗಿರಿಯಲ್ಲೋ ಹೆಣ್ಣು ನೋಡಲು ಹೋದವರಿಗೆ ಎದುರಾಗುವ ಪ್ರಶ್ನೆ ಒಂದೇ: ಪರ್ಮನೆಂಟಾ?

ಅಭ್ಯರ್ಥಿಯ ಹೆಸರಿಗೇ ಹಣ ಕೊಡುವ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಕಳೆದ ದಶಕದಲ್ಲಿ ಬಂತು. ಅದನ್ನು ನಡೆಸುತ್ತಿದ್ದ ಮಂಡಳಿ ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಗಿದೆ. ವಯೋಮಿತಿ 35, ಮಹಿಳೆಯರಿಗೆ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಐದು ವರ್ಷ ಸಡಿಲಿಕೆ. ನಡುವೆ ನಾಲ್ಕಾರು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿದು ಮನೆ ನಡೆಸಿ, ಆಮೇಲೆ ಪಿಎಚ್‌ಡಿ ಮುಗಿಸಿದವರಿಗೆ ಈ ಲೆಕ್ಕ ಬಿಗಿಯಾಗುತ್ತದೆ. ನಮ್ಮ ಕಡೆ ಅಂಥವರೇನು ಅಪರೂಪವಲ್ಲ.

ಇನ್ನು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 (ಜೆ) ವಿಧಿ. 2013ರಿಂದ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಈ ಭಾಗದವರಿಗೆ ಪಾಲು ಸಿಕ್ಕಿತು. ಕೇಂದ್ರದ ಫೆಲೋಶಿಪ್‌ಗೆ ಅದು ತಾಗುವುದಿಲ್ಲ. ಫೆಲೋಶಿಪ್ ರಾಜ್ಯದ ಹುದ್ದೆಯಲ್ಲ, ಕಾಗದದ ಮೇಲೆ ಹುದ್ದೆಯೇ ಅಲ್ಲ. ಪೋಸ್ಟ್‌ಡಾಕ್‌ಗೆ ‘ನೌಕರಿ’ ಎಂಬ ಹೆಸರಿಲ್ಲದ್ದಕ್ಕೆ ಹೆಚ್ಚು ಬೆಲೆ ತೆರುತ್ತಿರುವವರು ನಾವೇ ಎಂದು ನನಗನ್ನಿಸುವುದು ಇಲ್ಲಿ.

ಹಾಗಾದರೆ ಪೋಸ್ಟ್‌ಡಾಕ್ ಮುಗಿಸಿ ಮರಳಿ ಬಂದಾಗ ಅದರ ತೂಕವೆಷ್ಟು? ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಆಯ್ದುಕೊಳ್ಳುವ ಪಟ್ಟಿ ಇದೆ. ಅಲ್ಲಿ ಬೋಧನೆಗೂ ಪೋಸ್ಟ್‌ಡಾಕ್‌ಗೂ ಒಂದೇ ತಕ್ಕಡಿ: ವರ್ಷಕ್ಕೆ 2 ಅಂಕ, ಎಷ್ಟೇ ವರ್ಷ ದುಡಿದರೂ 10 ಮೀರುವಂತಿಲ್ಲ.